ನೂರಕ್ಕೆ ಎಷ್ಟು ಸೆಕೆಂಡು?

ಮೊದಲೇ ಹೇಳಿಬಿಡ್ತೀವಿ. ನಾವು ಮೂವರೂ ಇಂಗ್ಲಿಷ್ ಮೀಡಿಯಮ್ಮಿನ ಗಿರಾಕಿಗಳು. ಆಕ್ಸಲರೇಶನ್ನಿಗೆ ಕನ್ನಡದಲ್ಲಿ 'ವೇಗೋತ್ಕರ್ಷ' ಅಂತಾರೆ ಅನ್ನೋದು ಗೊತ್ತಾಗಿದ್ದೇ ಈ ಲೇಖನ ಬರೆಯೋಕೆ ಕೂತ ಮೇಲೆ. ಆದರೂ ಆಕ್ಸಲರೇಶನ್ ಅಂತಲೇ ಬರೀತೀವಿ, ಸಂಪಾದಕರು ಹೊಟ್ಟೆಗೆ ಹಾಕ್ಕೊಳ್ಳಬೇಕು.

ಮೂವರು ಅಂದ್ರೆ ಯಾರು? ಹಾಸ್ಟೆಲಲ್ಲಿ ನಮಗೆ ಊರೇ ಹೆಸರು. ಹಾಸನ, ಹುಬ್ಬಳ್ಳಿ, ಮಂಗಳೂರು. ಮೂವರೂ ಮೆಕ್ಯಾನಿಕಲ್, ಸೆಕೆಂಡ್ ಇಯರ್. ಮೂವರಿಗೂ ಕಾರಿನ ಹುಚ್ಚು. ಮೂವರ ಹತ್ರಾನೂ ಕಾರಿಲ್ಲ, ಲೈಸೆನ್ಸ್ ಇರೋದು ಒಬ್ಬನಿಗೆ ಮಾತ್ರ. ಇದನ್ನ ಬರೀತಿರೋದು ಮೂವರಲ್ಲಿ ಯಾರು ಅಂತ ಮಾತ್ರ ಕೇಳಬೇಡಿ. ಮೂವರೂ ಸೇರಿ ಬರೀತಿದ್ದೀವಿ ಅಂತಲೇ ಇಟ್ಕೊಳ್ಳಿ. ಯಾಕೆ ಹಾಗೆ ಅನ್ನೋದು ಕೊನೆಗೆ ಗೊತ್ತಾಗುತ್ತೆ.

ಜಗಳ ಶುರುವಾಗಿದ್ದು ಮೆಸ್ಸಲ್ಲಿ, ಚಪಾತಿ-ಸಾಗು ದಿನ. ಹುಬ್ಬಳ್ಳಿ ಐ20 ಎನ್ ಲೈನ್ ಪಾರ್ಟಿ. ಮಂಗಳೂರು ಆಲ್ಟ್ರೋಜ್ ರೇಸರ್ ಪಾರ್ಟಿ. ಹಾಸನ ಮಾತ್ರ ಈಗ ಹೊಸದು ಸಿಗದೇ ಇರೋ ಪೋಲೋ ಜಿಟಿ ಟಿಎಸ್‌ಐಗಾಗಿ ಇವತ್ತಿಗೂ ಒಳಗೊಳಗೇ ಅಳೋ ಪಾರ್ಟಿ.

"ಎನ್ ಲೈನ್ ಮುಂದ ನಿಮ್ಮ ರೇಸರ್ ಏನೂ ಅಲ್ಲಲೇ," ಅಂದ ಹುಬ್ಬಳ್ಳಿ.

"ಎರಡಕ್ಕೂ ಪವರ್ ನೂರಿಪ್ಪತ್ತೇ ಅಲ್ವಾ ಮಾರಾಯಾ. ನಿನ್ನದಕ್ಕೆ ಎಂತ ಕೊಂಬು ಉಂಟಾ?" ಅಂದ ಮಂಗಳೂರು.

"ಓಡಿಸಿದ್ದೀರೇನ್ರೋ ಇಬ್ರೂ?" ಅಂತ ಹಾಸನ ಕೇಳಿದ. ಇಬ್ಬರೂ ಓಡಿಸಿರಲಿಲ್ಲ. ಅವನೂ ಪೋಲೋ ಓಡಿಸಿರಲಿಲ್ಲ. ಓಡಿಸದೇ ಇರೋ ಮೂರು ಕಾರಿನ ಬಗ್ಗೆ ನಾವು ಒಂದೂವರೆ ಗಂಟೆ ಜಗಳ ಆಡಿದ್ವಿ. ಸಾಗು ಆರಿಹೋಯ್ತು.

ಕಾರಿನ ಹುಚ್ಚಿಲ್ಲದ ಸಿಎಸ್ ಗೆಳೆಯರಿಗೆ ಒಂದು ಮಾತು. ಹ್ಯಾಚ್‌ಬ್ಯಾಕ್ ಅಂದ್ರೆ ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಳ್ಳದ, ಗಾಜಿನ ಸಮೇತ ಬಾಗಿಲು ಮೇಲಕ್ಕೆ ತೆರೆಯೋ ಮನೆಮಂದಿಯ ಕಾರು. ಅದೇ ಕಾರಿಗೆ ಜೋರಾದ ಇಂಜಿನ್ ಹಾಕಿ, ಸಸ್ಪೆನ್ಶನ್ ಬಿಗಿ ಮಾಡಿ, ಸ್ಟಿಯರಿಂಗು ಬ್ರೇಕು ಚುರುಕು ಮಾಡಿದ್ರೆ ಅದು ಹಾಟ್ ಹ್ಯಾಚ್. ಬೆಳಿಗ್ಗೆ ಸಂತೆಗೂ ಆಗಬೇಕು, ಸಂಜೆ ಘಾಟಿಗೂ ಆಗಬೇಕು. ಇದನ್ನ ಜಗತ್ತಿಗೆ ಹಿಡಿಸಿದ್ದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1975ರಲ್ಲಿ ಫ್ರಾಂಕ್‌ಫರ್ಟ್ ಶೋನಲ್ಲಿ ತೋರಿಸಿ 1976ರಲ್ಲಿ ಮಾರಾಟಕ್ಕೆ ಬಿಟ್ಟರು. 1.6 ಲೀಟರ್ ಇಂಜಿನ್, 110 ಪಿಎಸ್. ಐದು ಸಾವಿರ ಮಾರಿದ್ರೆ ಸಾಕು ಅಂದ್ಕೊಂಡಿದ್ದರಂತೆ, ಮೊದಲ ತಲೆಮಾರಿನದೇ ನಾಲ್ಕು ಲಕ್ಷ ದಾಟಿತು. 1984ರಲ್ಲಿ ಫ್ರಾನ್ಸಿಂದ ಪೆಜೋ 205 ಜಿಟಿಐ ಬಂತು. ಅಲ್ಲಿಂದ 'ಯಾವುದು ಜೋರು' ಅನ್ನೋ ಜಗಳ ಯುರೋಪಿನಲ್ಲೂ ನಿಂತಿಲ್ಲ. ಅಂದ್ರೆ ನಮ್ಮ ಮೆಸ್ಸಿನ ಜಗಳಕ್ಕೂ ಒಂದು ಪರಂಪರೆ ಇದೆ.

ನಮ್ಮ ದೇಶದಲ್ಲಿ ಹಾಟ್ ಹ್ಯಾಚಿನ ಹಣೆಬರಹ ಬರೆಯೋದು ಇಂಜಿನಿಯರಿಗಿಂತ ತೆರಿಗೆ ಲೆಕ್ಕ. ಕಾರು ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಇಂಜಿನ್ 1200 ಸಿಸಿ ದಾಟಬಾರದು. ದಾಟಿದ್ರೆ ತೆರಿಗೆ ಏರುತ್ತೆ. ಹಾಗಾಗಿ ಚಿಕ್ಕ ಇಂಜಿನ್ನಿಗೆ ಟರ್ಬೋ ಕೂರಿಸೋದೇ ಇಲ್ಲಿ ದಾರಿ. ಈ ಗೆರೆಯನ್ನೇ ದಾಟಿ ಬಂದ ಧೈರ್ಯವಂತ ಅಂದ್ರೆ 2015ರ ಅಬಾರ್ಥ್ ಪುಂಟೊ. 1.4 ಲೀಟರ್ ಟರ್ಬೋ, 145 ಪಿಎಸ್, 212 ಎನ್‌ಎಂ. ಆಮೇಲೆ 2017ರಲ್ಲಿ ಬಲೆನೊ ಆರ್‌ಎಸ್ 102 ಪಿಎಸ್, 2018ರಲ್ಲಿ ಟಿಯಾಗೊ ಜೆಟಿಪಿ 114 ಪಿಎಸ್. ಮೂರೂ ಈಗ ಹಳೇ ಕಾರಿನ ಸಂತೆಯಲ್ಲಿ ಮಾತ್ರ. 2025ರಲ್ಲಿ ಗಾಲ್ಫ್ ಜಿಟಿಐ ಕೂಡ ಇಲ್ಲಿಗೆ ಬಂತು. 265 ಪಿಎಸ್, ಕಂಪನಿ ಹೇಳೋ ಪ್ರಕಾರ ನೂರಕ್ಕೆ 5.9 ಸೆಕೆಂಡು. ಬೆಲೆ ಐವತ್ತು ಲಕ್ಷದ ಮೇಲೆ, ಆದ್ದರಿಂದ ಅದರ ಬಗ್ಗೆ ನಮ್ಮ ಮೆಸ್ಸಲ್ಲಿ ಚರ್ಚೆ ಇಲ್ಲ, ಮೌನ ಮಾತ್ರ.

ನಮ್ಮ ಜಗಳದ ಮೂರು ಕಾರು ಹೀಗಿವೆ. ಐ20 ಎನ್ ಲೈನ್: 998 ಸಿಸಿ, 120 ಪಿಎಸ್, 172 ಎನ್‌ಎಂ. ಆಲ್ಟ್ರೋಜ್ ರೇಸರ್: 1199 ಸಿಸಿ, 120 ಪಿಎಸ್, 170 ಎನ್‌ಎಂ. ಪೋಲೋ ಜಿಟಿ ಟಿಎಸ್‌ಐ: 2013ರಲ್ಲಿ ಬಂದಾಗ 1.2 ಲೀಟರ್, 105 ಪಿಎಸ್, 175 ಎನ್‌ಎಂ, 2020ರಿಂದ 1.0 ಲೀಟರ್, 110 ಪಿಎಸ್, ಟಾರ್ಕ್ ಅಷ್ಟೇ. ಕಾಗದದ ಮೇಲೆ ಮೂರೂ ಅಣ್ಣತಮ್ಮಂದಿರು. ಜಗಳಕ್ಕೆ ಜಾಗ ಇರೋದೇ ಅಣ್ಣತಮ್ಮಂದಿರ ನಡುವೆ.

ಜಗಳ ಅಲ್ಲೇ ಮುಗಿದಿದ್ರೆ ಈ ಲೇಖನ ಇರ್ತಿರಲಿಲ್ಲ. ಹಾಸನದವನ ಅಣ್ಣ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ನಾಲ್ಕು ವರ್ಷ ದುಡ್ಡು ಕೂಡಿಟ್ಟು ಇದೇ ಮೂರರಲ್ಲಿ ಒಂದನ್ನ ತಗೋಬೇಕು ಅಂತಿದ್ದರು. ಒಂದು ರಾತ್ರಿ ಫೋನು ಸ್ಪೀಕರಿಗೆ ಹಾಕಿದಾಗ ಹೇಳಿದ್ದು ಹೀಗೆ:

"ಮೂರು ಜನ ಮೆಕ್ಯಾನಿಕಲ್ ಇಂಜಿನಿಯರುಗಳು ಸೇರ್ಕೊಂಡು ಇಷ್ಟೂ ಹೇಳಕ್ಕಾಗಲ್ವೇನ್ರೋ? ಯೂಟ್ಯೂಬಲ್ಲಿ ಒಬ್ಬೊಬ್ಬ ಒಂದೊಂದು ಹೇಳ್ತಾನೆ. ನೀವು ಲೆಕ್ಕ ಹಾಕಿ ಹೇಳಿ, ನಾನು ನಂಬ್ತೀನಿ."

ಇನ್ನೂ ಥರ್ಮೋದಲ್ಲಿ ಬ್ಯಾಕ್ ಇಟ್ಕೊಂಡವರಿಗೆ ಇಂಜಿನಿಯರುಗಳು ಅಂದ್ರೆ ಎಷ್ಟು ಖುಷಿ ಆಗುತ್ತೆ ಅಂತ ನಿಮಗೇ ಗೊತ್ತು. ಅವತ್ತೇ ರಾತ್ರಿ ಎಕ್ಸೆಲ್ ಶೀಟ್ ಶುರು ಮಾಡಿದ್ವಿ. ಒಂದು ವಾರದಲ್ಲಿ ಅದರಲ್ಲಿ 22 ಕಾಲಮ್ಮು.

ಮೊದಲ ಲೆಕ್ಕ ಪಿಯುಸಿಯದ್ದು. ಕಾರು, ಡ್ರೈವರ್ ಸೇರಿ 1200 ಕೆಜಿ ಅಂತ ಇಟ್ಕೊಳ್ಳಿ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ 27.8 ಮೀಟರ್. ಆ ವೇಗದಲ್ಲಿ ಕಾರಿನೊಳಗೆ ಸೇರಿರೋ ಚಲನ ಶಕ್ತಿ ಸುಮಾರು 463 ಕಿಲೋಜೌಲ್. 120 ಪಿಎಸ್ ಅಂದ್ರೆ 88 ಕಿಲೋವ್ಯಾಟ್. ಭಾಗಿಸಿದ್ರೆ 5.3 ಸೆಕೆಂಡು! ಹುಬ್ಬಳ್ಳಿ ಮಂಚದಿಂದ ಎದ್ದು ಕುಣಿದ. ಆದರೆ ಇಷ್ಟು ಪವರಿನ ಕಾರುಗಳು ನೂರು ಮುಟ್ಟೋಕೆ ನಿಜವಾಗಿ ಅದರ ಎರಡರಷ್ಟು ಹೊತ್ತು ತಗೊಳ್ತಾವೆ. ಮಿಕ್ಕ ಐದು ಸೆಕೆಂಡು ಎಲ್ಲಿ ಹೋಯ್ತು?

ಅದನ್ನ ಹುಡುಕಿದ್ದೇ ನಮ್ಮ ನಿಜವಾದ ಓದು. 120 ಪಿಎಸ್ ಅನ್ನೋದು ಒಂದೇ ಒಂದು ಆರ್‌ಪಿಎಂನಲ್ಲಿ ಸಿಗೋ ತುತ್ತತುದಿ. ಎನ್ ಲೈನಿನಲ್ಲಿ 6000, ರೇಸರಿನಲ್ಲಿ 5500. ಅದರ ಕೆಳಗೂ ಮೇಲೂ ಅಷ್ಟಿಲ್ಲ. ಹೊರಡುವಾಗ ಕ್ಲಚ್ ಜಾರುತ್ತೆ, ಮುಂದಿನ ಚಕ್ರ ಸುತ್ತುತ್ತೆ. ಕಾರು ಮುಂದಕ್ಕೆ ಚಿಮ್ಮುವಾಗ ಭಾರ ಹಿಂದಕ್ಕೆ ಹೋಗುತ್ತೆ, ಈ ಕಾರುಗಳನ್ನ ಎಳೆಯೋದೋ ಮುಂದಿನ ಚಕ್ರ. ಅಂದ್ರೆ ಹಿಡಿತ ಬೇಕಾದಾಗಲೇ ಹಿಡಿತ ಕಮ್ಮಿ. ಗೇರ್ ಬದಲಿಸುವಾಗ ಪ್ರತಿ ಸಲ ಅರ್ಧ ಸೆಕೆಂಡು ಎಳೆತವೇ ಇಲ್ಲ. ಮಿಕ್ಕಿದ್ದನ್ನ ಗೇರ್‌ಬಾಕ್ಸಿನ ಘರ್ಷಣೆ, ಟೈರು, ಗಾಳಿ ತಿಂತಾವೆ.

ಅಳತೆಯಲ್ಲೂ ಆಟ ಇದೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಬಾರದು, ಹೆಚ್ಚು ತೋರಿಸಬಹುದು ಅಂತ ವಿಶ್ವಸಂಸ್ಥೆಯ ವಾಹನ ನಿಯಮ 39 ಹೇಳುತ್ತೆ. ನಿಜವಾದ 100ಕ್ಕೆ ಮುಳ್ಳು 114ರವರೆಗೂ ಹೋಗಬಹುದು. ಸ್ಪೀಡೋ ಕಡೆ ಕ್ಯಾಮೆರಾ ಇಟ್ಟು ತೆಗೆದ ವಿಡಿಯೋ ನಂಬೋದು ಹೇಗೆ? ಅಮೆರಿಕದ ಪತ್ರಿಕೆಗಳು ಕಾರು ಮೊದಲ ಒಂದು ಅಡಿ ಉರುಳಿದ ಮೇಲೆ ಗಡಿಯಾರ ಶುರು ಮಾಡ್ತಾವೆ. ಅದರಿಂದಲೇ ಸುಮಾರು 0.3 ಸೆಕೆಂಡು ಉಳಿಯುತ್ತೆ. ಗೆರೆ ನೆಟ್ಟಗಿದೆಯೋ ಇಲ್ವೋ ಅಂತ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೀಬೇಕು. ಇಂದೋರ್ ಹತ್ರ ಪೀಥಂಪುರದಲ್ಲಿ ನ್ಯಾಟ್ರಾಕ್ಸಿನ 11.3 ಕಿ.ಮೀ. ಟ್ರ್ಯಾಕ್ ಇರೋದೇ ಇಂಥ ಕೆಲಸಕ್ಕೆ. ಅಲ್ಲಿನ ಸಂಖ್ಯೆಗೂ ನಮ್ಮೂರ ರಸ್ತೆಗೂ ಸಂಬಂಧ ಎಷ್ಟು ಅನ್ನೋದು ಬೇರೆ ಮಾತು.

ಒಂದು ವಿಷಯದಲ್ಲಿ ಮಾತ್ರ ನಮ್ಮೂರಿಗೆ ಲಾಭ. ಬೆಂಗಳೂರು, ಹಾಸನ ಎರಡೂ ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲೆ. ಗಾಳಿ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ತೆಳು. ಟರ್ಬೋ ಇಲ್ಲದ ಇಂಜಿನ್ ಅಷ್ಟೇ ಪವರ್ ಕಳ್ಕೊಳ್ಳುತ್ತೆ. ಟರ್ಬೋ ಇದ್ರೆ ತಾನೇ ಗಾಳಿ ಒತ್ತಿ ತುಂಬಿಸಿ ಆ ನಷ್ಟ ಬಹುಪಾಲು ಮುಚ್ಚುತ್ತೆ.

ಹೀಗೆ ಏನೇನೋ ಸೇರಿಸಿ ಕೊನೆಯ ಕಾಲಮ್ಮು ಹಾಕಿದ್ವಿ: 'ಲಾರಿ ಓವರ್‌ಟೇಕ್'. ಲಾರಿ ಗಂಟೆಗೆ 40 ಕಿ.ಮೀ.ನಲ್ಲಿ ಹೋಗ್ತಿದೆ, ನಾವೂ ಹಿಂದೆ 40ರಲ್ಲಿದ್ದೀವಿ. ಹಿಂದಿನ ಅಂತರ, ಲಾರಿಯ ಉದ್ದ, ನಮ್ಮ ಕಾರು, ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ ಲಾರಿಗಿಂತ 36 ಮೀಟರ್ ಹೆಚ್ಚು ಓಡಬೇಕು. ಮೂರನೇ ಗೇರಲ್ಲಿ ಆಕ್ಸಲರೇಶನ್ 2 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಅಂದ್ರೆ ಆರು ಸೆಕೆಂಡು. ಅಷ್ಟರಲ್ಲಿ ನಾವು 103 ಮೀಟರ್ ಓಡಿರ್ತೀವಿ. ಎದುರಿಂದ ಬಸ್ಸು 50ರಲ್ಲಿ ಬರ್ತಿದ್ರೆ ಅದು 83 ಮೀಟರ್. ಒಟ್ಟು 186 ಮೀಟರ್ ರಸ್ತೆ ಖಾಲಿ ಇದ್ರೆ ಸಾಕು. ಆ ಸೆಲ್ಲಿಗೆ ಹಸಿರು ಬಣ್ಣ ಹಾಕಿದ್ವಿ.

ಸೆಮ್ ರಜೆಯಲ್ಲಿ ಅಣ್ಣ ತಮ್ಮ ಆಫೀಸಿನ ಗೆಳೆಯರ ಹಾಟ್ ಹ್ಯಾಚನ್ನ ಎರಡು ದಿನಕ್ಕೆ ಕೇಳಿ ತಂದರು. ಅದು ಯಾವ ಕಾರು ಅಂತ ಇಲ್ಲಿ ಬರೆಯಲ್ಲ. ಬರೆದ್ರೆ ನೀವು ಕಾರನ್ನ ಬೈತೀರಿ. ಆದರೆ ತಪ್ಪು ಕಾರಿನದಾಗಿರಲಿಲ್ಲ. ಪ್ಲಾನು ಸರಳ. ಬೆಂಗಳೂರಿಂದ ಹಾಸನ, ಶಿರಾಡಿ ಘಾಟಿ ಇಳಿದು ಮಂಗಳೂರು, ಒಂದು ರಾತ್ರಿ ಅಲ್ಲಿ, ಮಾರನೇ ದಿನ ವಾಪಸ್ ಹಾಸನ. ಹೆದ್ದಾರಿ 75 ಪೂರ್ತಿ.

ನೆಲಮಂಗಲ ದಾಟಿದ ಕೂಡಲೇ ನಾವು ಕೇಳಿದ್ವಿ, "ಅಣ್ಣಾ, ಒಂದು ಸಲ ಝೀರೋ ಟು ಹಂಡ್ರೆಡ್ ನೋಡೋಣ್ವಾ?"

"ರೋಡು ನಿಮ್ಮಪ್ಪಂದಾ? ಮೋಟಾರು ವಾಹನ ಕಾಯಿದೆಯಲ್ಲಿ 189ನೇ ಸೆಕ್ಷನ್ ಅಂತ ಒಂದಿದೆ, ರಸ್ತೇಲಿ ರೇಸ್ ಮಾಡೋರಿಗೆ. ನಿಮ್ಮ ಆ್ಯಪು ಆನ್ ಮಾಡ್ಕೊಂಡು ಸುಮ್ಮನೆ ಕೂತ್ಕೊಳ್ಳಿ, ನಾನು ನನ್ನ ಪಾಡಿಗೆ ಓಡಿಸ್ತೀನಿ."

ಅಣ್ಣ ಅಂಥವರು. ಇದನ್ನ ನೆನಪಿಟ್ಕೊಳ್ಳಿ.

ಅವರ ಪಾಡಿಗೆ ಓಡಿಸಿದ್ದರಿಂದಲೇ ಕೆಲವು ವಿಷಯ ಗೊತ್ತಾಯ್ತು. ಬೆಂಗಳೂರಿನ ಟ್ರಾಫಿಕ್ಕಲ್ಲಿ 120 ಪಿಎಸ್ಸೂ ಒಂದೇ, ಪಕ್ಕದ ಸ್ಕೂಟರೂ ಒಂದೇ. ಅಲ್ಲಿ ಬೇಕಾಗೋದು ಹಗುರವಾದ ಕ್ಲಚ್ಚು. ಬಿಗಿ ಸಸ್ಪೆನ್ಶನ್ ಯೂಟ್ಯೂಬಲ್ಲಿ ಕೇಳೋಕೆ ಚಂದ, ಹಂಪ್ ಮೇಲೆ ಹಿಂದಿನ ಸೀಟಿಗೆ ಅದರ ನಿಜವಾದ ಅರ್ಥ ಗೊತ್ತಾಗುತ್ತೆ. ಹೆದ್ದಾರಿಯಲ್ಲಿ ಮಿತಿ ಇರೋದೇ ನೂರು. ಅಲ್ಲಿ ಎಂಬತ್ತರಿಂದ ನೂರಕ್ಕೆ ಗೇರ್ ಇಳಿಸದೇ ಏರೋ ಕಾರಿನಲ್ಲಿ ಮನುಷ್ಯನಿಗೆ ಸುಸ್ತು ಕಮ್ಮಿ. ಇದಕ್ಕೆ ಪವರಿಗಿಂತ ಕೆಳಗಿನ ಆರ್‌ಪಿಎಂನ ಟಾರ್ಕ್ ಮುಖ್ಯ. ಎನ್ ಲೈನಿನ 172 ಎನ್‌ಎಂ 1500ರಿಂದಲೇ ಸಿಗುತ್ತೆ, ರೇಸರಿನ 170 ಎನ್‌ಎಂ 1750ರಿಂದ ಅಂತ ಕಂಪನಿಗಳು ಬರೀತಾವಲ್ಲ, ಮೆಸ್ಸಲ್ಲಿ ನಾವು ಲೆಕ್ಕಕ್ಕೇ ತಗೊಳ್ಳದ ಆ ಸಾಲೇ ದಿನಾ ಕೆಲಸಕ್ಕೆ ಬರೋದು.

ಮಂಗಳೂರಲ್ಲಿ ನೀರ್‌ದೋಸೆ ಆಯ್ತು, ಕಡಲು ಆಯ್ತು. ಮಾರನೇ ದಿನ ಹೊರಡುವಾಗ ಮಂಗಳೂರಿನವನ ಅಮ್ಮ ಒಂದು ಮೂಟೆ ತೆಂಗಿನಕಾಯಿ ಡಿಕ್ಕಿಗೆ ಹಾಕಿಸಿದರು. ನಾಲ್ಕು ಜನ, ನಾಲ್ಕು ಬ್ಯಾಗು, ಒಂದು ಮೂಟೆ. ಗುಂಡ್ಯ ದಾಟಿ ಘಾಟಿ ಹತ್ತೋಕೆ ಶುರು ಮಾಡಿದಾಗ ಮಳೆ ನಿಂತು ರಸ್ತೆ ಇನ್ನೂ ಒದ್ದೆ ಇತ್ತು.

ಶಿರಾಡಿ ಗೊತ್ತಿರೋರಿಗೆ ಗೊತ್ತು. ಮಂಗಳೂರು ಬಂದರಿನ ಕಡೆಯಿಂದ ಬರೋ ಗ್ಯಾಸ್ ಟ್ಯಾಂಕರುಗಳು ಒಂದರ ಹಿಂದೆ ಒಂದು. ನಮ್ಮ ಮುಂದೆ ಒಂದು ಲಾರಿ. ಹತ್ತು ನಿಮಿಷದಿಂದ ಅದರ ಹಿಂದೆಯೇ ಇದ್ದೀವಿ. ಹೊಗೆ. ಅಣ್ಣ ತಾಳ್ಮೆಯಿಂದಲೇ ಇದ್ದರು. ನಮಗೆ ತಾಳ್ಮೆ ಇರಲಿಲ್ಲ. ಒಂದು ಕಡೆ ರಸ್ತೆ ಸ್ವಲ್ಪ ನೆಟ್ಟಗಾಯ್ತು. ಲಾರಿ ನಲವತ್ತರಲ್ಲಿತ್ತು. ಮುಂದಿನ ತಿರುವಿನವರೆಗೆ ಕಣ್ಣಿಗೆ ಕಂಡಿದ್ದು ಇನ್ನೂರು ಮೀಟರ್ ಇರಬಹುದು. ಹಸಿರು ಸೆಲ್ಲು ನೆನಪಾಯ್ತು.

"ಹೋಗಣ್ಣಾ, ಆಗುತ್ತೆ! ನೂರೆಂಬತ್ತಾರು ಸಾಕು!"

ಅಣ್ಣ ಇಂಡಿಕೇಟರ್ ಹಾಕಿ ಬಲಕ್ಕೆ ತಂದು ಆಕ್ಸಲರೇಟರ್ ಒತ್ತಿದರು. ಏನೂ ಆಗಲಿಲ್ಲ. ಅಂದ್ರೆ ಇಂಜಿನ್ ಗೊರ್ ಅಂದಿತು, ಕಾರು ಲಾರಿಯ ಪಕ್ಕಕ್ಕೆ ಬಂತು, ಅಲ್ಲೇ ಉಳೀತು. ಲಾರಿಯ ಹಿಂದಿನ ಚಕ್ರದ ನಟ್ಟುಗಳು ಕಿಟಕಿಯಲ್ಲಿ ಕಾಣ್ತಿದ್ವು. ಅಷ್ಟರಲ್ಲಿ ತಿರುವಿನಿಂದ ಬಸ್ಸು ಬಂತು, ಲೈಟು ಹಾಕ್ಕೊಂಡು.

ಅಣ್ಣ ಬ್ರೇಕ್ ಒತ್ತಿದರು. ಹಿಂದೆ ಇನ್ನೊಂದು ಕಾರು ನಾವು ಬಿಟ್ಟ ಜಾಗಕ್ಕೆ ಆಗಲೇ ಮೂತಿ ತೂರಿಸಿತ್ತು, ಅವನೂ ಬ್ರೇಕ್ ಹಾಕಿದ, ಹಾರ್ನ್ ಹೊಡೆದ. ಹೇಗೋ ಲಾರಿಯ ಹಿಂದೆ ಸೇರಿಕೊಂಡ್ವಿ. ಬಸ್ಸು ನಮ್ಮ ಬಲಗಡೆಯಿಂದ ಹಾದು ಹೋಯ್ತು. ಅದರ ಕಿಟಕಿಯಲ್ಲಿ ಒಂದು ಮಗು ಮಲಗಿತ್ತು. ಇದು ಮೂವರಿಗೂ ನೆನಪಿದೆ, ಮೂವರೂ ಅದೊಂದನ್ನೇ ನೋಡಿದ್ವಿ ಅಂತ ಆಮೇಲೆ ಗೊತ್ತಾಯ್ತು.

ದೋಣಿಗಾಲ್ ಹತ್ರ ಟೀ ಅಂಗಡಿಯಲ್ಲಿ ನಿಲ್ಲಿಸಿದರು. ಯಾರೂ ಮಾತಾಡಲಿಲ್ಲ. ಅಣ್ಣ ಟೀ ಲೋಟ ಎರಡೂ ಕೈಲಿ ಹಿಡ್ಕೊಂಡಿದ್ದರು. ನಮಗೆ ಒಂದೂ ಬೈಗುಳ ಬರಲಿಲ್ಲ. ಬಂದಿದ್ರೆ ಚೆನ್ನಾಗಿತ್ತು.

ಆ್ಯಪ್ ಆನ್ ಇತ್ತಲ್ಲ, ಅದೂ ದಾಖಲಾಗಿತ್ತು. ನಮ್ಮ ಫೋನಿನ ಜಿಪಿಎಸ್ ಸೆಕೆಂಡಿಗೆ ಒಂದೇ ಸಲ ವೇಗ ಬರೆಯುತ್ತೆ. ಹಾಗಾಗಿ ಆ ಇಡೀ ಘಟನೆ ಗ್ರಾಫಿನಲ್ಲಿ ಆರು ಚುಕ್ಕೆ. 41, 42, 43, 46, 37, 21. ಅಷ್ಟೇ.

ಸಂಜೆ ಹಾಸನದ ಮನೆ. ಅವನ ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಶಿರಾಡಿಯಲ್ಲೇ ವರ್ಷಗಟ್ಟಲೆ ಹತ್ತಿ ಇಳಿದವರು. ಊಟ ಆದಮೇಲೆ, "ಏನೋ ಲೆಕ್ಕ ಮಾಡಿದ್ದೀರಂತಲ್ರಪ್ಪಾ, ತೋರಿಸಿ ನೋಡಾನ," ಅಂದರು. ಲ್ಯಾಪ್‌ಟಾಪ್ ತೆಗೆದ್ವಿ. ಘಾಟಿಯ ವಿಷಯ ನಾವ್ಯಾರೂ ಎತ್ತಲಿಲ್ಲ.

"ಅಂಕಲ್, ಇದು ನೂರಕ್ಕೆ ಎಷ್ಟು ಸೆಕೆಂಡು ಅಂತ. ಇದು ಪವರ್ ಟು ವೇಯ್ಟ್. ಇದು ಬೂಟ್ ಸ್ಪೇಸು. ಇದು ಸನ್‌ರೂಫ್ ಇದೆಯಾ ಇಲ್ವಾ."

ಕನ್ನಡಕ ಹಾಕ್ಕೊಂಡು ಅವರು ಎಡದಿಂದ ಬಲಕ್ಕೆ ಪೂರ್ತಿ ನೋಡಿದರು. ಆಮೇಲೆ ಬಲದಿಂದ ಎಡಕ್ಕೆ.

"ನಿಲ್ಲೋಕೆ ಎಷ್ಟು ಅಂತ ಎಲ್ಲೈತೆ?"

22 ಕಾಲಮ್ಮು. ಸನ್‌ರೂಫಿಗೂ ಒಂದು. ಬ್ರೇಕಿಗೆ ಇರಲಿಲ್ಲ.

ಆಗ ಅಣ್ಣ ತಾವೇ ಹೇಳಿದರು. "ಅಪ್ಪಾ, ಇವತ್ತು ಘಾಟೀಲಿ ಒಂಚೂರು ಹೆಚ್ಚುಕಮ್ಮಿ ಆಗ್ತಿತ್ತು." ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅಂಕಲ್ ಕೂಗಾಡ್ತಾರೆ ಅಂದ್ಕೊಂಡ್ವಿ. ಅವರು ಪ್ರಶ್ನೆ ಕೇಳಿದರು, ವೈವಾದಲ್ಲಿ ಕೇಳಿದ ಹಾಗೆ.

"ಯಾವ ಗೇರಲ್ಲಿದ್ದೆ?"

"ನಾಲ್ಕು."

"ಎಷ್ಟು ಜನ ಇದ್ರಿ?"

"ನಾಲ್ಕು ಜನ. ಒಂದು ಮೂಟೆ ಕಾಯಿ."

"ಏರಿದ್ದೆಷ್ಟು?"

"ಚೆನ್ನಾಗೇ ಇತ್ತು."

"ಬಸ್ಸಲ್ಲಿ ಜನ ತುಂಬಿದ್ರೆ ನಮಗೆ ಕಾಲಿಗೇ ಗೊತ್ತಾಗೋದು. ಅದಕ್ಕೆ ಯಾವ ಲೆಕ್ಕಾನೂ ಬ್ಯಾಡ." ಸ್ವಲ್ಪ ಹೊತ್ತು ಬಿಟ್ಟು ನಮ್ಮ ಕಡೆ ತಿರುಗಿದರು. "ನೀವೇನ್ ಮಾಡ್ತಿದ್ರಪ್ಪಾ ಆವಾಗ?"

ನಾವು ಉತ್ತರ ಕೊಡಲಿಲ್ಲ. ಅಣ್ಣನೂ ನಮ್ಮ ಹೆಸರು ಹೇಳಲಿಲ್ಲ.

ಹಾಸ್ಟೆಲಿಗೆ ಬಂದ ಮೇಲೆ ಅಂಕಲ್ ಕೇಳಿದ ಪ್ರಶ್ನೆಗಳನ್ನೇ ಹಿಡ್ಕೊಂಡು ಲೆಕ್ಕ ಮತ್ತೆ ಮಾಡಿದ್ವಿ. ಇದನ್ನ ನೀವೂ ಪೆನ್ನು ಹಿಡಿದು ಮಾಡಿ ನೋಡಿ.

ಮೊದಲು ಗೇರು. ನಾಲ್ಕನೇ ಗೇರಲ್ಲಿ 40 ಅಂದ್ರೆ ಇಂಥ ಕಾರುಗಳಲ್ಲಿ ಇಂಜಿನ್ ಸುಮಾರು 1300 ಆರ್‌ಪಿಎಂನಲ್ಲಿರುತ್ತೆ. ಟರ್ಬೋ ಎಚ್ಚರಾಗೋದು 1500ರ ಮೇಲೆ. ಒತ್ತಿದ ಕೂಡಲೇ ಸಿಗೋದು 120 ಪಿಎಸ್ ಕಾರಲ್ಲ, ಟರ್ಬೋ ಇಲ್ಲದ ಒಂದು ಲೀಟರಿನ ಪುಟ್ಟ ಕಾರು. ಟರ್ಬೋ ಏಳೋಕೆ ಒಂದು ಸೆಕೆಂಡು ಅಂತ ಇಡಿ. ಆ ಒಂದು ಸೆಕೆಂಡಲ್ಲಿ ನಾವು 11 ಮೀಟರ್, ಬಸ್ಸು 14 ಮೀಟರ್, ಒಟ್ಟು 25 ಮೀಟರ್ ರಸ್ತೆ ಖರ್ಚು.

ಆಮೇಲೆ ಭಾರ. ನಮ್ಮ ಲೆಕ್ಕದ 1200 ಕೆಜಿಗೆ ಮೂರು ಜನ, ಬ್ಯಾಗು, ಮೂಟೆ ಸೇರಿ 300 ಕೆಜಿ ಹೆಚ್ಚು. ಆಕ್ಸಲರೇಶನ್ 2ರಿಂದ 1.6ಕ್ಕೆ ಇಳೀತು. ಆಮೇಲೆ ಏರು. ನೂರಕ್ಕೆ ಆರು ಮೀಟರ್ ಏರು ಅಂತ ಹಿಡಿದ್ರೆ ಗುರುತ್ವ ಇನ್ನೊಂದು 0.6 ಕಿತ್ಕೊಳ್ಳುತ್ತೆ. ಉಳಿದಿದ್ದು 1. ನಾವು ಮೂರನೇ ಗೇರಲ್ಲೇ ಇದ್ದಿದ್ರೂ ಇಷ್ಟೇ. ಆರು ಸೆಕೆಂಡಿನ ಓವರ್‌ಟೇಕ್ ಎಂಟೂವರೆ ಸೆಕೆಂಡಾಯ್ತು. ನಾವು ಓಡೋದು 130 ಮೀಟರ್, ಬಸ್ಸು 118. ಟರ್ಬೋದ 25 ಸೇರಿಸಿ. ಒಟ್ಟು ಸುಮಾರು 275 ಮೀಟರ್.

ಕಣ್ಣಿಗೆ ಕಂಡಿದ್ದು ಇನ್ನೂರು.

ಹಸಿರು ಸೆಲ್ಲಿನ 186ರಲ್ಲಿ ಗುಣಾಕಾರ ತಪ್ಪಿರಲಿಲ್ಲ. ಒಬ್ಬನೇ ಕೂತ, ಖಾಲಿ ಡಿಕ್ಕಿಯ, ಸಮತಟ್ಟು ರಸ್ತೆಯ, ಸರಿಯಾದ ಗೇರಿನಲ್ಲಿರೋ ಕಾರಿಗೆ ಅದು ಸರಿ. ನಮ್ಮ ಕಾರು ಮಾತ್ರ ಅದಾಗಿರಲಿಲ್ಲ. ಕಂಪನಿಯ ಸಂಖ್ಯೆಗೂ ರಸ್ತೆಯ ಸಂಖ್ಯೆಗೂ ವ್ಯತ್ಯಾಸ ಇರುತ್ತೆ ಅಂತ ವಾರಗಟ್ಟಲೆ ಭಾಷಣ ಬಿಗಿದ ನಾವೇ, ನಮ್ಮದೇ ಸಂಖ್ಯೆಯನ್ನ ಘಾಟಿಯಲ್ಲಿ ಕಣ್ಣುಮುಚ್ಚಿ ನಂಬಿದ್ವಿ.

ಕೊನೆಗೆ ಅಂಕಲ್ ಕೇಳಿದ ಕಾಲಮ್ಮು. ಒಳ್ಳೆ ಟೈರು, ಒಣ ರಸ್ತೆ ಇದ್ರೆ ಕಾರು 0.8 ಜಿಯಷ್ಟು ಬ್ರೇಕ್ ಹಿಡಿಯುತ್ತೆ ಅಂತ ಇಟ್ಕೊಳ್ಳಿ. ನೂರರಿಂದ ನಿಲ್ಲೋಕೆ 49 ಮೀಟರ್, ಮೂರೂವರೆ ಸೆಕೆಂಡು. ಇಂಜಿನ್ ಹತ್ತು ಸೆಕೆಂಡಲ್ಲಿ ತುಂಬಿದ 463 ಕಿಲೋಜೌಲನ್ನ ಬ್ರೇಕು ಮೂರೂವರೆ ಸೆಕೆಂಡಲ್ಲಿ ಖಾಲಿ ಮಾಡುತ್ತೆ. ಪವರಿಗೆ ಬದಲಿಸಿದ್ರೆ ಸರಾಸರಿ 131 ಕಿಲೋವ್ಯಾಟ್, ಸುಮಾರು 178 ಪಿಎಸ್. ಅಂದ್ರೆ 120 ಪಿಎಸ್ ಕಾರಿನಲ್ಲಿ ಎಲ್ಲಕ್ಕಿಂತ ಜೋರಾದ ಯಂತ್ರ ಬಾನೆಟ್ಟಿನ ಕೆಳಗಿಲ್ಲ, ಚಕ್ರಗಳೊಳಗಿದೆ. ಅದರ ಬಗ್ಗೆ ಮೆಸ್ಸಲ್ಲಿ ಇವತ್ತಿನವರೆಗೆ ಯಾರೂ ಜಗಳ ಆಡಿಲ್ಲ. ಒದ್ದೆ ರಸ್ತೆಯಲ್ಲಿ 0.5 ಜಿ ಅಂತ ಹಿಡಿದ್ರೆ ಅದೇ 49 ಮೀಟರು 79 ಆಗುತ್ತೆ. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗೋ ಒಂದು ಸೆಕೆಂಡಿಗೆ ಇನ್ನೂ 28. ಈ ಎರಡು ಸಂಖ್ಯೆಯ ನಡುವಿನ ವ್ಯತ್ಯಾಸ ಪೂರ್ತಿ ಇರೋದು ಅಂಗೈಯಗಲದ ನಾಲ್ಕು ಟೈರಿನ ತುಂಡುಗಳಲ್ಲಿ. ಸವೆದ ಟೈರು ಹಾಕಿದ ಹಾಟ್ ಹ್ಯಾಚಿಗಿಂತ ಹೊಸ ಟೈರಿನ ಸಾದಾ ಕಾರು ವಾಸಿ ಅನ್ನೋದು ಹೀಗೆ.

ಹೊಸ ಶೀಟಿನಲ್ಲಿ ಈಗ ಒಂಬತ್ತೇ ಕಾಲಮ್ಮು. ಮೂರನೇ ಗೇರಲ್ಲಿ 40ರಿಂದ 80ಕ್ಕೆ, ಒಬ್ಬರಿದ್ದಾಗ, ನಾಲ್ಕು ಜನ ಇದ್ದಾಗ. ಟಾರ್ಕ್ ಯಾವ ಆರ್‌ಪಿಎಂನಿಂದ ಶುರು. ನಿಲ್ಲೋ ದೂರ. ಟೈರಿನ ಅಗಲ. ಹಿಂದಿನ ಬ್ರೇಕು ಡಿಸ್ಕೋ ಡ್ರಮ್ಮೋ. ಸಸ್ಪೆನ್ಶನ್ನಿಗೆ ಹಿಂದಿನ ಸೀಟಿನವರು ಕೊಟ್ಟ ಮಾರ್ಕ್ಸು. ಸರ್ವಿಸ್ ಎಷ್ಟು ಹತ್ರ. ತಿಂಗಳ ಪೆಟ್ರೋಲ್ ಖರ್ಚು. ನೂರಕ್ಕೆ ಎಷ್ಟು ಸೆಕೆಂಡು ಅನ್ನೋದನ್ನ ಕೊನೆಗೆ ಇಟ್ಟಿದ್ದೀವಿ. ತೆಗೆದುಹಾಕೋಕೆ ಹುಬ್ಬಳ್ಳಿ ಒಪ್ಪಲಿಲ್ಲ.

ಅಣ್ಣ ಕಾರು ತಗೊಂಡರು. ಮೂರರಲ್ಲೇ ಒಂದು. ಯಾವುದು ಅಂತ ಹೇಳಿದ್ರೆ ಮೆಸ್ಸಲ್ಲಿ ಮತ್ತೆ ಸಾಗು ಆರುತ್ತೆ. ಶೋರೂಮಿಗೆ ನಮ್ಮ ಶೀಟಿನ ಪ್ರಿಂಟು ತಗೊಂಡೇ ಹೋಗಿದ್ದರು. ನಮ್ಮನ್ನ ಇನ್ನೂ ನಂಬ್ತಾರೆ ಅನ್ನೋದು ನಮಗೆ ಸ್ವಲ್ಪ ಭಾರವಾಗೇ ಇದೆ.

ಇನ್ನು 'ನಾವು' ವಿಷಯ. ಅವತ್ತು ಕಾರಿನಲ್ಲಿ "ಹೋಗಣ್ಣಾ, ಆಗುತ್ತೆ" ಅಂತ ಮೊದಲು ಕೂಗಿದ್ದು ಯಾರು? ಮೂವರೂ ಕೂಗಿದ್ವಿ, ಆದರೆ ಯಾರೋ ಒಬ್ಬರು ಮೊದಲು ಶುರು ಮಾಡಿರಲೇಬೇಕು. ಆ ದಿನದಿಂದ ನಾವು ಮೂವರೂ ಅದನ್ನ ಒಬ್ಬರನ್ನೊಬ್ಬರು ಕೇಳಿಲ್ಲ. ಇಡೀ ಲೇಖನವನ್ನ 'ನಾವು' ಅಂತ ಬರೆಯೋದು ಸುಲಭವಾಯ್ತು ಯಾಕಂದ್ರೆ ಆ ಪದದ ಹಿಂದೆ ಮೂರು ಜನ ಬಚ್ಚಿಟ್ಕೊಳ್ಳಬಹುದು. ಸ್ಟಿಯರಿಂಗ್ ಹಿಡಿದವರಿಗೆ ಮಾತ್ರ ಆ ಸೌಕರ್ಯ ಇರಲಿಲ್ಲ.

ಹಾಗಾಗಿ ಈಗ ಒಂದು ನಿಯಮ ಮಾಡ್ಕೊಂಡಿದ್ದೀವಿ. ಓಡಿಸೋರು ಕೇಳದೇ ಪಕ್ಕ ಕೂತವರು, ಹಿಂದೆ ಕೂತವರು "ಆಗುತ್ತೆ" ಅನ್ನಬಾರದು. ಬೈಕಿಗೂ ಇದೇ ನಿಯಮ. "ಬೇಡ" ಅಂತ ಯಾವಾಗ ಬೇಕಾದ್ರೂ ಅನ್ನಬಹುದು. ಕಳೆದ ತಿಂಗಳು ಅಣ್ಣನ ಹೊಸ ಕಾರಲ್ಲಿ ಮತ್ತೆ ಶಿರಾಡಿ ಹತ್ತಿದ್ವಿ. ಗುಂಡ್ಯದಿಂದ ಮೇಲಿನವರೆಗೂ ಒಂದು ಟ್ಯಾಂಕರ್ ಹಿಂದೆ. ನಲವತ್ತು ನಿಮಿಷ. ಅಣ್ಣ ಒಂದು ಸಲ ಕನ್ನಡಿಯಲ್ಲಿ ನಮ್ಮ ಕಡೆ ನೋಡಿದರು.

ಯಾರೂ ಏನೂ ಅನ್ನಲಿಲ್ಲ. ಆ್ಯಪಿನಲ್ಲಿ ಅವತ್ತಿನ ಗ್ರಾಫು ನೋಡಿದ್ರೆ ನಗು ಬರುತ್ತೆ, ಅಷ್ಟು ನೆಟ್ಟಗಿದೆ. ಅದನ್ನೂ ಸೇವ್ ಮಾಡಿಟ್ಟಿದ್ದೀವಿ, ಆ ಆರು ಚುಕ್ಕೆಯ ಪಕ್ಕದಲ್ಲೇ.